ಎಂಟು ನಿಮಿಷದ ಕೊಠಡಿಗೆ ನಾನು ಸಿದ್ಧಳಾದ ಬಗೆ

ಬ್ರಿಟನ್ನಿನಲ್ಲಿ ವೈದ್ಯವೃತ್ತಿಗೆ ನೋಂದಾಯಿಸಿಕೊಳ್ಳಲು ನಾನು ಆರಿಸಿಕೊಂಡದ್ದು ಪ್ಲ್ಯಾಬ್ ಪರೀಕ್ಷೆಯ ದಾರಿ. ಅದರ ಎರಡನೆಯ ಭಾಗ ಮ್ಯಾಂಚೆಸ್ಟರ್‌ನಲ್ಲಿ ನಡೆಯುತ್ತದೆ. ಹೆಚ್ಚಾಗಿ ರೋಗಿಯಂತೆ ನಟಿಸುವವರೊಬ್ಬರನ್ನು ಎದುರಿಗಿಟ್ಟು, ನಾವು ವೈದ್ಯರಾಗಿ ಅವರನ್ನು ಹೇಗೆ ನೋಡುತ್ತೇವೆಂದು ಅಲ್ಲಿ ಪರೀಕ್ಷಿಸುತ್ತಾರೆ. ನಾನು ಎದುರಿಸಿದ್ದು ಇಂಥ 16 ಸನ್ನಿವೇಶಗಳನ್ನು. ಪ್ರತಿಯೊಂದಕ್ಕೂ 8 ನಿಮಿಷ, ಅದಕ್ಕೆ ಮುಂಚೆ ಸೂಚನೆ ಓದಿಕೊಳ್ಳಲು ಒಂದೂವರೆ ನಿಮಿಷ. ರೋಗದ ವಿವರ ಸಂಗ್ರಹಿಸುವುದು, ಚಿಕಿತ್ಸೆಯ ನಿರ್ಧಾರ, ರೋಗಿಯೊಂದಿಗಿನ ನಡವಳಿಕೆ, ಈ ಮೂರಕ್ಕೂ ಸಮನಾಗಿ ನಾಲ್ಕು ನಾಲ್ಕು ಅಂಕಗಳಿರುವುದನ್ನು ತಿಳಿದಿದ್ದರೂ ಮೂರನೆಯದನ್ನು ನಾನು ಬಹಳ ದಿನ ಲಘುವಾಗಿ ಎಣಿಸಿದ್ದೆ.

ಮಂಗಳೂರಿನ ಅತ್ತಾವರದ ಬಾಡಿಗೆ ಕೋಣೆಯಲ್ಲಿ ಇಬ್ಬರು ಗೆಳತಿಯರೊಂದಿಗೆ ಪ್ರತಿ ಸಂಜೆ ಅಭ್ಯಾಸ ನಡೆಸುತ್ತಿದ್ದೆ. ಒಬ್ಬಳು ರೋಗಿ, ಒಬ್ಬಳು ಪರೀಕ್ಷಕಿ, ಉಳಿದವಳು ವೈದ್ಯೆ. ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ನೋಡಿದಾಗ, ರೋಗಿಯ ಉತ್ತರ ಮುಗಿಯುವ ಮೊದಲೇ ನಾನು ಮುಂದಿನ ಪ್ರಶ್ನೆಗೆ ಹಾರುತ್ತಿದ್ದುದು ಕಣ್ಣಿಗೆ ಕಟ್ಟಿತು. ಎಂಬಿಬಿಎಸ್ ದಿನಗಳಲ್ಲಿ ಪ್ರಾಧ್ಯಾಪಕರಿಗೆ ಒಪ್ಪಿಸಲೆಂದು ಕೇಸ್ ಬರೆದುಕೊಂಡ ಅಭ್ಯಾಸ ಅದು. ಎದುರಿಗಿರುವವರ ಮಾತಿಗಿಂತ ಪಟ್ಟಿ ತುಂಬಿಸುವುದರ ಮೇಲೆಯೇ ಗಮನ. ಐದನೆಯ ನಿಮಿಷಕ್ಕೆ ಗಂಟೆ ಬಾರಿಸುವಂತೆ ಮಾಡಿ, ಅಲ್ಲಿಂದ ಮುಂದೆ ರೋಗನಿರ್ಣಯವನ್ನೂ ಚಿಕಿತ್ಸೆಯನ್ನೂ ವಿವರಿಸಲೇಬೇಕೆಂದು ನಿಯಮ ಮಾಡಿಕೊಂಡ ಮೇಲೆ ಸಮಯ ಹಿಡಿತಕ್ಕೆ ಬಂತು. ಬೊಂಬೆಯ ಮೇಲೆ ರಕ್ತ ತೆಗೆಯುವುದು, ಹೃದಯ ನಿಂತವರಿಗೆ ಮಾಡುವಂತೆ ನಿಮಿಷಕ್ಕೆ 100ರಿಂದ 120 ಬಾರಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು ಮುಂತಾದವು ಕೈಗೆ ರೂಢಿಯಾದರೆ ಸಾಕು.

ತಿದ್ದಿಕೊಳ್ಳಲು ಕಷ್ಟವಾದದ್ದು ನಮ್ಮೂರಿನ ಸಾಂತ್ವನದ ರೀತಿ. ಗಾಬರಿಯಾದವರಿಗೆ ತುಳುವಿನಲ್ಲಿ ‘ದಾಲಾ ಆಪುಜಿ’, ಏನೂ ಆಗುವುದಿಲ್ಲ, ಎಂದುಬಿಡುವುದು ನಮಗೆ ಸಹಜವಾದ ಪ್ರೀತಿ. ಆದರೆ ರೋಗಿಯ ತಪಾಸಣೆಯ ವರದಿಗಳು ಬರುವ ಮೊದಲೇ ಹಾಗೆಂದರೆ ಅದು ಸುಳ್ಳು ಭರವಸೆಯಾಗುತ್ತದೆ, ರೋಗಿಯ ಭಯ ಯಾವುದೆಂಬುದೂ ತಿಳಿಯದೇ ಹೋಗುತ್ತದೆ.

ಆ ದಿನಗಳಲ್ಲಿ ನಾನು ಕೆಲಸ ಮಾಡುತ್ತಿದ್ದ ವಾರ್ಡಿಗೆ ಬೀಡಿ ಕಟ್ಟುವ ಹಿರಿಯ ಹೆಂಗಸೊಬ್ಬರು ಮೂರು ವಾರಗಳ ಕೆಮ್ಮಿನೊಂದಿಗೆ ಬಂದಿದ್ದರು. ಕಫದ ಪರೀಕ್ಷೆ ಬರೆದುಕೊಟ್ಟು ಹೊರಡುವವಳು ನಿಂತು, ‘ಅಮ್ಮಾ, ಈರೆಗ್ ದಾದ ಪೋಡಿಗೆ?’ ಎಂದು ಕೇಳಿದೆ. ಏನು ಹೆದರಿಕೆ ಎಂಬ ಆ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಷಯವೆಂದಾದರೆ ಮೊಮ್ಮಗುವನ್ನು ಎತ್ತಿಕೊಳ್ಳಲು ಸೊಸೆ ಬಿಡುವಳೋ ಇಲ್ಲವೋ ಎಂದರು. ಮನೆಯಲ್ಲಿ ಚಿಕ್ಕ ಮಗುವಿದೆಯೆಂಬುದು ನನ್ನ ಕೇಸ್ ಹಾಳೆಯಲ್ಲಿ ಇರಲಿಲ್ಲ. ಕ್ಷಯವೇ ಆಗಿದ್ದರೆ ಆ ಮಗುವನ್ನೂ ತಪಾಸಣೆ ಮಾಡಬೇಕಾಗುತ್ತಿತ್ತು.

ಅಂದು ಸಂಜೆಯಿಂದ ಅತ್ತಾವರದ ಕೋಣೆಯಲ್ಲಿ ಆ ಪ್ರಶ್ನೆಯನ್ನು ಮೊದಲ ಎರಡು ನಿಮಿಷಗಳೊಳಗೆ ಕೇಳತೊಡಗಿದೆ. ಕೇಳಿದ ಮೇಲೆ ಮೂರು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದನ್ನೂ ಅಭ್ಯಾಸ ಮಾಡಿದೆ.