ಮನೆ ನೋಡದೆ ರೇಟು ಹೇಳುವವನಿಗೆ ಸಾಮಾನು ಕೊಡಬೇಡಿ

ಮೊನ್ನೆ ಕೊಪ್ಪಳದಿಂದ ತಂಗಿ ಮಗಳು ಫೋನ್ ಮಾಡಿದ್ದಳು. ಅವಳ ಗಂಡನಿಗೆ ಬೆಂಗಳೂರಿಗೆ ವರ್ಗ ಆಗಿದೆ, ಮನೆ ಸಾಮಾನು ಸಾಗಿಸುವವರನ್ನು ಹುಡುಕುತ್ತಿದ್ದಾಳೆ. "ದೊಡ್ಡವ್ವಾ, ಒಬ್ಬಾವ ಇಪ್ಪತ್ತೆರಡು ಸಾವಿರ ಅಂತಾನ, ಇನ್ನೊಬ್ಬಾವ ಹನ್ನೊಂದಕ್ಕ ಬರ್ತೀನಿ ಅಂತಾನ. ಯಾರಿಗೆ ಹೇಳ್ಲಿ?" ನಾನು ಕೇಳಿದ್ದು ಒಂದೇ ಮಾತು: "ಮನಿಗೆ ಬಂದು ಸಾಮಾನು ನೋಡಿದಾವ ಯಾರವ್ವಾ?" ಇಬ್ಬರೂ ಬಂದಿರಲಿಲ್ಲ. ಹಂಗಾದ್ರೆ ಇಬ್ಬರೂ ಬೇಡ ಅಂದೆ.

ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು. ಅವರ ಹಿಂದೆ ಏಳು ಸಲ ಮನೆ ಖಾಲಿ ಮಾಡಿದ್ದೇನೆ. ಆರು ಸಲ ಏನೂ ತೊಂದರೆ ಆಗಲಿಲ್ಲ. ಬಳ್ಳಾರಿಯಿಂದ ರಾಯಚೂರಿಗೆ ಹೋದದ್ದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಮೇ ತಿಂಗಳು, ಬೆಂಕಿಯಂಥ ಬಿಸಿಲು. ಫೋನಿನಲ್ಲೇ ರೇಟು ಮಾತಾಡಿ ಅರ್ಧ ದುಡ್ಡು ಮೊದಲೇ ಹಾಕಿಬಿಟ್ಟಿದ್ದೆವು. ಬೆಳಿಗ್ಗೆ ಏಳಕ್ಕೆ ಬರಬೇಕಾದ ಗಾಡಿ ಹನ್ನೆರಡಕ್ಕೆ ಬಂತು. ಫೋನಿನಲ್ಲಿ ಮಾತಾಡಿದವನೇ ಬೇರೆ, ಬಂದವರೇ ಬೇರೆ. ಆಮೇಲೆ ಗೊತ್ತಾಯ್ತು, ಅವನು ಬರೀ ದಲ್ಲಾಳಿ. ಅವನಿಗೆ ಗಾಡಿಯೂ ಇಲ್ಲ, ಆಳೂ ಇಲ್ಲ. ಸಿಂಧನೂರು ದಾಟಿದ ಮೇಲೆ ಡ್ರೈವರ್ ಫೋನ್ ಬಂತು: "ಸಾಮಾನು ಭಾಳ ಅದಾವ್ರೀ. ಇನ್ನಾರು ಸಾವಿರ ಹಾಕ್ರಿ, ಇಲ್ಲಂದ್ರ ಗಾಡಿ ಇಲ್ಲೇ ನಿಲ್ತೈತಿ." ನಮ್ಮ ಕೈಯಲ್ಲಿದ್ದದ್ದು ಒಂದೇ ಹಾಳೆ. ಅದರಲ್ಲಿ "ಮನೆ ಸಾಮಾನು, 1 ಗಾಡಿ" ಅಂತ ಗೀಚಿತ್ತು, ಅಷ್ಟೇ. ಸುಮ್ನೆ ದುಡ್ಡು ಹಾಕಿದೆವು. ಗಾಡಿ ಬಂತು, ನಮ್ಮ ಅತ್ತೆಯವರ ಹಿತ್ತಾಳೆ ಹಂಡೆ ಬರಲಿಲ್ಲ. ಕೇಳಿದರೆ, ಎಲ್ಲಿ ಬರೆದಿದೆ ತೋರಿಸಿ ಅಂದ. ಎಲ್ಲಿಂದ ತೋರಿಸೋದು?

ಅದಕ್ಕೇ ಹೇಳೋದು, ಮನೆಗೆ ಬಂದು ನೋಡುವವನನ್ನೇ ಕರೆಯಿರಿ. ಬಂದವನು ಏನು ನೋಡುತ್ತಾನೆ ಅಂತ ನೀವೂ ನೋಡಿ. ಕೆಲಸ ಬಲ್ಲವನು ಹಾಲ್‌ನಲ್ಲಿ ನಿಂತು ರೇಟು ಹೇಳುವುದಿಲ್ಲ. ಅಟ್ಟ ನೋಡುತ್ತಾನೆ, ಮಂಚದ ಕೆಳಗೆ ಬಗ್ಗುತ್ತಾನೆ, ಕಪಾಟಿನ ಬಾಗಿಲು ತೆಗೆಸುತ್ತಾನೆ. ಹಿತ್ತಲಲ್ಲಿ ಬೀಸೋ ಕಲ್ಲು ಕಂಡರೆ "ಇದೂ ಬರ್ತದೇನ್ರೀ?" ಅಂತ ಕೇಳುತ್ತಾನೆ. ಆ ಕಡೆ ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಓಣಿಯೊಳಗೆ ಗಾಡಿ ಹೋಗುತ್ತದಾ ಅಂತ ವಿಚಾರಿಸುತ್ತಾನೆ. ಇದನ್ನೆಲ್ಲ ಕೇಳದವನು ಅಲ್ಲಿ ಹೋದ ಮೇಲೆ ಮೆಟ್ಟಿಲಿಗೆ ಬೇರೆ ದುಡ್ಡು ಕೇಳೇ ಕೇಳುತ್ತಾನೆ. ಪ್ಯಾಕಿಂಗ್, ಏರಿಸೋದು, ಇಳಿಸೋದು, ಟೋಲ್ ಎಲ್ಲ ಸೇರಿ ಎಷ್ಟು ಅಂತ ಒಂದೇ ಮೊತ್ತ ಬರೆಸಿಕೊಳ್ಳಿ. ಬಾಯಿ ಮಾತಿಗೆ ಬೆಲೆ ಇಲ್ಲ. ವಾಟ್ಸಾಪಿನಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ.

ಕೊಟೇಶನ್ ಮೇಲಿನ ಜಿಎಸ್‌ಟಿ ನಂಬರ್ ಸುಮ್ನೆ ಅಲಂಕಾರಕ್ಕಲ್ಲ. ಅದರಲ್ಲಿ 15 ಅಕ್ಷರ ಮತ್ತು ಅಂಕಿ ಇರುತ್ತವೆ. ಕರ್ನಾಟಕದ ನೋಂದಣಿ ಆದರೆ 29ರಿಂದ ಶುರು, ತೆಲಂಗಾಣದ್ದಾದರೆ 36, ಆಂಧ್ರದ್ದಾದರೆ 37. ರಾಯಚೂರು, ಬಳ್ಳಾರಿ ಗಡಿ ಊರುಗಳಾದ್ದರಿಂದ ಆಚೆಯವರೂ ಬರುತ್ತಾರೆ, ಅದು ತಪ್ಪಲ್ಲ. ಆದರೆ ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಪುಕ್ಕಟೆ ಕಾಣುತ್ತದೆ. ನನ್ನ ಮೊಮ್ಮಗ ಎರಡು ನಿಮಿಷದಲ್ಲಿ ನೋಡಿಕೊಟ್ಟ. ಬೋರ್ಡಿನ ಮೇಲೆ ಒಂದು ಹೆಸರು, ಅಲ್ಲಿ ಇನ್ನೊಂದು ಹೆಸರು ಇದ್ದರೆ ಯಾಕೆ ಅಂತ ಕೇಳಿ. ದೊಡ್ಡ ಕಂಪನಿ ಹೆಸರಿಗೆ ಒಂದಕ್ಷರ ಹೆಚ್ಚು ಕಡಿಮೆ ಮಾಡಿ ಅಂಗಡಿ ತೆಗೆದವರು ಬೇಕಾದಷ್ಟು ಜನ ಇದ್ದಾರೆ. ಮೊಬೈಲಿನಲ್ಲಿ ಕಾಣುವ ಸ್ಟಾರ್‌ಗಳನ್ನು ನಾನಂತೂ ನಂಬುವುದಿಲ್ಲ. ಆಫೀಸು ಊರಲ್ಲೇ ಇದ್ದರೆ ಒಂದು ಸಂಜೆ ಹೋಗಿ ಗೋಡೌನ್ ನೋಡಿ ಬನ್ನಿ.

ಕೆಲವರು ಬಿಲ್ಲಿನಲ್ಲಿ ಇ-ವೇ ಬಿಲ್ (ಸರಕು ಸಾಗಿಸುವಾಗ ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಖರ್ಚು ಅಂತ ಸೇರಿಸುತ್ತಾರೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಾಗಿಯೇ ಇಲ್ಲ. ಇನ್ಶೂರೆನ್ಸ್ ಅಂತ ದುಡ್ಡು ಹಾಕಿದ್ದರೆ ಪಾಲಿಸಿ ನಂಬರ್ ಕೇಳಿ. ಅದು ಇಲ್ಲದಿದ್ದರೆ ಆ ದುಡ್ಡು ಅವನ ಜೇಬಿಗೆ ಅಂತಲೇ ಲೆಕ್ಕ. 2007ರ ರಸ್ತೆ ಸಾಗಣೆ ಕಾಯ್ದೆಯದ್ದೂ ಒಂದು ಮಾತಿದೆ. ಸಾಮಾನಿನ ಬೆಲೆ ಇಷ್ಟು ಅಂತ ಮೊದಲೇ ಬರೆಸದಿದ್ದರೆ ಸಾಗಣೆಯವನ ಹೊಣೆ ಬಾಡಿಗೆಯ 10 ಪಟ್ಟಿಗೆ ಮುಗಿಯುತ್ತದೆ. ಏನಾದರೂ ಹೋದರೆ, ಒಡೆದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರೆದು ತಿಳಿಸಬೇಕು. ಆದ್ದರಿಂದ ಬಿಲ್ಟಿ, ಅಂದರೆ ಸಾಮಾನು ಬುಕ್ ಮಾಡಿದಾಗ ಸಾಗಣೆಯವನು ಕೊಡುವ ರಸೀದಿ, ಜೋಪಾನ. ಜಗಳಕ್ಕೆ ಬಿದ್ದರೆ ಗ್ರಾಹಕ ಸಹಾಯವಾಣಿ 1915.

ಊರೊಳಗೇ, ಅಂದರೆ ಬಳ್ಳಾರಿಯಲ್ಲೇ ಗಾಂಧಿನಗರದಿಂದ ಕೌಲ್ ಬಜಾರಿಗೆ ಹೋಗುವುದಾದರೆ ಇದೆಲ್ಲ ಬೇಡ. ಒಂದು ಟಾಟಾ ಏಸ್, ನಾಲ್ಕು ಜನ ಹಮಾಲರು ಸಾಕು. ಆದರೆ ಹತ್ತಿ, ಮೆಣಸಿನಕಾಯಿ ಚೀಲ ಹೊತ್ತ ಬೆನ್ನು ಅದು. ಫ್ರಿಜ್ಜನ್ನೂ ಚೀಲದ ಹಾಗೇ ಮಲಗಿಸಿಬಿಡುತ್ತಾರೆ. ನಿಂತು ಹೇಳಬೇಕು. ಗ್ಯಾಸ್ ಸಿಲಿಂಡರ್ ಯಾವ ಗಾಡಿಗೂ ಹಾಕಬೇಡಿ. ದೂರದ ಊರಾದರೆ ಏಜೆನ್ಸಿಗೆ ವಾಪಸ್ ಕೊಟ್ಟು ಚೀಟಿ ತಗೊಳ್ಳಿ. ಬಂಗಾರ, ಮನೆ ಪತ್ರ ನಿಮ್ಮ ಕೈಚೀಲದಲ್ಲೇ ಇರಲಿ.

ತುಂಬುವಾಗ ಒಬ್ಬರು ಬಾಗಿಲಲ್ಲೇ ಕೂರಬೇಕು. ನಾನು ಈಗ ಪ್ರತಿ ಬಾಕ್ಸಿಗೆ ನಂಬರ್ ಬರೆಯುತ್ತೇನೆ. "ಅಡುಗೆ ಸಾಮಾನು" ಅಂತಲ್ಲ, "ಬಾಕ್ಸ್ 9: ರೊಟ್ಟಿ ಹಂಚು, ಮಿಕ್ಸಿ, ಕುಕ್ಕರ್ 2" ಅಂತ. ಗಾಡಿ ಹೊರಡುವ ಮುಂಚೆ ಡ್ರೈವರ್ ಸಹಿ, ನಂಬರ್ ಪ್ಲೇಟಿನ ಫೋಟೋ. ಕೊನೆಯ ಕಂತು ಕೊಡುವುದು ಎಲ್ಲ ಇಳಿಸಿ ಎಣಿಸಿದ ಮೇಲೇ. ಇಳಿಸಿದ ಹುಡುಗರು ಸಹಿ ಮಾಡ್ರಿ, ಲೇಟಾಯ್ತು ಅಂತ ಅವಸರ ಮಾಡುತ್ತಾರೆ. ಅವರನ್ನು ಕೂರಿಸಿ ತಣ್ಣನೆ ಮಜ್ಜಿಗೆ, ಒಗ್ಗರಣೆ-ಮಿರ್ಚಿ ಕೊಡಿ. ಅವರು ತಿಂದು ಏಳುವಷ್ಟರಲ್ಲಿ ನಿಮ್ಮ ಎಣಿಕೆ ಮುಗಿದಿರುತ್ತದೆ.