ಕುಳ್ಳ ಗಾರ್ಡ್‌ಗೆ ಸ್ಕ್ರೀನ್ ಆಟ: ಜಿಮ್ಮಿ ಅಲಪಾಗ್ ಅವರಿಂದ ನಾನು ತೆಗೆದುಕೊಂಡದ್ದು

ಬಾಸ್ಕೆಟ್‌ಬಾಲ್ ಕಲಿಸುವಾಗ ಪಾಯಿಂಟ್ ಗಾರ್ಡ್‌ಗಳಿಗೆ, ಅಂದರೆ ಚೆಂಡು ತಂದು ಆಟ ಕಟ್ಟುವವರಿಗೆ, ನಾನು ಅಮೆರಿಕದ ಎನ್‌ಬಿಎ ಲೀಗ್‌ನ ತಾರೆ ಸ್ಟೆಫ್ ಕರಿ ವಿಡಿಯೋ ತೋರಿಸುವುದಿಲ್ಲ. ತೋರಿಸಿದರೆ ಮರುದಿನದಿಂದ ಹುಡುಗರು ಅರ್ಧ ಕೋರ್ಟಿನಿಂದ ಎಸೆಯಲು ಶುರುಮಾಡುತ್ತಾರೆ, ಅಷ್ಟೇ ಲಾಭ. ಕರಿ ಎತ್ತರ 6 ಅಡಿ 2 ಇಂಚು. ನನ್ನ ಹತ್ತಿರ ಬರುವ ಗಾರ್ಡ್‌ಗಳು ಸಾಮಾನ್ಯವಾಗಿ 165ರಿಂದ 175 ಸೆಂಟಿಮೀಟರ್. ಅವರಿಗೆ ಹೊಂದುವ ಮಾದರಿ ಫಿಲಿಪೀನ್ಸ್‌ನ ಜಿಮ್ಮಿ ಅಲಪಾಗ್. 5 ಅಡಿ 9 ಇಂಚು, ಅಂದರೆ 175 ಸೆಂಟಿಮೀಟರ್. ಈ ಎತ್ತರದಲ್ಲಿ ವಿಶ್ವಕಪ್ ಆಡಿದ, ಆಮೇಲೆ ಕೋಚ್ ಆದ ಮನುಷ್ಯ. ಸ್ಕ್ರೀನ್ ಎಂದರೆ ಜೊತೆಗಾರನೊಬ್ಬ ಡಿಫೆಂಡರ್ ದಾರಿಗೆ ಅಡ್ಡ ನಿಂತು ಗಾರ್ಡ್‌ಗೆ ಜಾಗ ಮಾಡಿಕೊಡುವುದು.

ಅಲಪಾಗ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಹುಟ್ಟಿದವರು. ಮನೆಯವರು ಫಿಲಿಪೀನ್ಸ್ ಮೂಲದವರು. ಕಾಲೇಜು ಆಟ ಅದೇ ಊರಿನ ಕ್ಯಾಲ್ ಸ್ಟೇಟ್‌ನಲ್ಲಿ, ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಯ ಎರಡನೇ ಡಿವಿಷನ್. ಅಲ್ಲಿಂದ ಎನ್‌ಬಿಎಗೆ ಹೋಗುವವರು ಅಪರೂಪ. ಫಿಲಿಪೀನ್ಸ್‌ನ ವೃತ್ತಿಪರ ಲೀಗ್ ಪಿಬಿಎಯ 2003ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಅವರನ್ನು 10ನೆಯವರಾಗಿ ಟಾಕ್ ಎನ್ ಟೆಕ್ಸ್ಟ್ ತಂಡ ತೆಗೆದುಕೊಂಡಿತು. ಅದೇ ವರ್ಷ ರೂಕಿ ಆಫ್ ದಿ ಇಯರ್ (ವರ್ಷದ ಹೊಸ ಆಟಗಾರ), ಅದೇ ವರ್ಷ ತಂಡಕ್ಕೆ ಮೊದಲ ಚಾಂಪಿಯನ್‌ಶಿಪ್, 2011ರಲ್ಲಿ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ. 2016ರಲ್ಲಿ ಮೆರಾಲ್ಕೊ ತಂಡದ ಪರ ಆಡುತ್ತಾ ಆಲನ್ ಕೈಡಿಕ್ ಅವರ 1,242 ತ್ರೀ ಪಾಯಿಂಟರ್‌ಗಳ (ಕಮಾನಿನ ಗೆರೆಯ ಹೊರಗಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್) ಪಿಬಿಎ ದಾಖಲೆ ದಾಟಿ 1,250ಕ್ಕೆ ನಿಲ್ಲಿಸಿದರು. ಆ ದಾಖಲೆ 2024ರವರೆಗೂ ಉಳಿದಿತ್ತು. ಮುರಿದದ್ದು ಇನ್ನೊಬ್ಬ ಫಿಲಿಪಿನೋ-ಅಮೆರಿಕನ್, ಮಾರ್ಸಿಯೋ ಲಾಸಿಟರ್.

1,250 ತ್ರೀ ಹಾಕಿದವರ ಕೈ ಚೆನ್ನಾಗಿಯೇ ಇರಬೇಕು, ಸರಿ. ಆದರೆ ಅವರ ಆಟವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಕೆಲಸವೆಲ್ಲ ಕೈಗಿಂತ ಮೊದಲು ಕಾಲಿನಲ್ಲಿ, ಕಾಲಿಗಿಂತ ಮೊದಲು ಕಣ್ಣಿನಲ್ಲಿ ಮುಗಿದಿರುತ್ತದೆ. ನನ್ನ ತರಬೇತಿಯೂ ಕಾಲು, ಕಣ್ಣಿನದೇ, ಕಲಿಸುವಾಗ ಮಾತ್ರ ಮೊದಲು ಕಾಲು, ಆಮೇಲೆ ಕಣ್ಣು. ಆದರೆ ಎಲ್ಲಕ್ಕಿಂತ ಮುಂಚೆ ಮಾಡುವ ಕೆಲಸ ಗೆರೆ ಅಳೆಯುವುದು.

ನಗಬೇಡಿ. 2010ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ತ್ರೀ ಪಾಯಿಂಟ್ ಗೆರೆಯನ್ನು 6.25 ಮೀಟರ್‌ನಿಂದ 6.75ಕ್ಕೆ ಸರಿಸಿತು. ಹಳೆಯ ಸಿಮೆಂಟ್ ಕೋರ್ಟುಗಳಲ್ಲಿ ಹಳೆಯ ಗೆರೆಯ ಮೇಲೆಯೇ ಬಣ್ಣ ಬಳಿದಿರುವುದುಂಟು. ಅಲ್ಲಿ ಅಭ್ಯಾಸ ಮಾಡಿದ ಹುಡುಗ ಟೂರ್ನಮೆಂಟಿಗೆ ಹೋದಾಗ ಶಾಟ್ ಅರ್ಧ ಮೀಟರ್ ಗಿಡ್ಡ ಬೀಳುತ್ತದೆ, ಕೈ ಕೆಟ್ಟಿತು ಅಂದುಕೊಳ್ಳುತ್ತಾನೆ. ಅಳೆಯುವುದು ಹೀಗೆ: ರಿಂಗಿನ ನಡುವಿನಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ. ಎಂಡ್ ಲೈನಿನ ಒಳ ಅಂಚಿನಿಂದ ಈ ಗುರುತು 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಕಂಬವೇ ವಾಲಿದೆ ಅಥವಾ ಗೆರೆ ತಪ್ಪಿದೆ. ಗುರುತಿನಿಂದ ಟೇಪ್ ಹಿಡಿದು 6.75ಕ್ಕೆ ಸೀಮೆಸುಣ್ಣದಲ್ಲಿ ಕಮಾನು ಎಳೆಯಿರಿ, ಅದು ಗೆರೆಯ ಹೊರ ಅಂಚು. ಕಾರ್ನರ್‌ನಲ್ಲಿ ಮಾತ್ರ ಸೈಡ್ ಲೈನಿನಿಂದ 90 ಸೆಂಟಿಮೀಟರ್ ಒಳಗೆ ನೇರ ಗೆರೆ ಬರುತ್ತದೆ, ರಿಂಗಿನಿಂದ 6.60. ಇಷ್ಟಾದ ಮೇಲೆ ಕಮಾನಿನ ಹೊರಗೆ ಅರ್ಧ ಮೀಟರ್ ಬಿಟ್ಟು ಇನ್ನೊಂದು ಕಮಾನು. ಅಭ್ಯಾಸ ನಡೆಯುವುದು ಈ ಎರಡನೆಯದರ ಹಿಂದೆ. ಓಡುತ್ತಾ ಬಂದು ನಿಲ್ಲುವವನು ಗೆರೆಯ ತುದಿಯಲ್ಲೇ ನಿಲ್ಲಲು ಹೋದರೆ ಕಾಲ್ಬೆರಳು ಗೆರೆ ತುಳಿಯುತ್ತದೆ, ಮೂರಕ್ಕೆ ಎರಡೇ ಸಿಗುತ್ತದೆ.

ಈಗ ಕಾಲು. ಸ್ಕ್ರೀನ್ ಬಳಸಿ ಬಲಕ್ಕೆ ಹೋಗುವ ಬಲಗೈ ಆಟಗಾರನನ್ನು ತೆಗೆದುಕೊಳ್ಳಿ. ಸ್ಕ್ರೀನ್ ದಾಟುತ್ತಿದ್ದಂತೆ ರಿಂಗಿಗೆ ಹತ್ತಿರದ ಕಾಲು, ಅಂದರೆ ಎಡಗಾಲು, ಮೊದಲು ಊರಬೇಕು. ಬಲಗಾಲು ಸುತ್ತಿಕೊಂಡು ಪಕ್ಕಕ್ಕೆ ಬರಬೇಕು. ಒಂದು-ಎರಡು, ಅಷ್ಟೇ. ಕೊನೆಯ ಡ್ರಿಬಲ್ ಎಲ್ಲಕ್ಕಿಂತ ಜೋರಾಗಿರಬೇಕು. ಎಡಗಾಲು ಊರುವ ಹೊತ್ತಿಗೆ ಚೆಂಡು ತಾನಾಗಿ ಎದ್ದು ಸೊಂಟದ ಹತ್ತಿರ ಕೈಗೆ ಬರುವಷ್ಟು ಜೋರು. ಮೆಲ್ಲಗೆ ಬಡಿದರೆ ಚೆಂಡಿಗಾಗಿ ಬಗ್ಗಬೇಕು, ಬಗ್ಗಿದರೆ ಸಮಯ ಹೋಯಿತು.

ಇಲ್ಲಿ ಆಗುವ ಎಡವಟ್ಟು ಯಾವಾಗಲೂ ಒಂದೇ ತರಹ. ಕೊನೆಯ ಹೆಜ್ಜೆಗೆ ಮುಂಚಿನ ಹೆಜ್ಜೆ ಉದ್ದವಾಗುತ್ತದೆ, ಓಟದ ವೇಗ ನಿಲ್ಲುವುದಿಲ್ಲ, ಗಾಳಿಯಲ್ಲಿ ಮೈ ಬಲಕ್ಕೆ ತೇಲುತ್ತದೆ, ಚೆಂಡು ರಿಂಗಿನ ಬಲಕ್ಕೆ ಬಡಿಯುತ್ತದೆ. ಆದ್ದರಿಂದ ಶಾಟ್ ಹೋಯಿತೋ ಇಲ್ಲವೋ ಎಂದು ನಾನು ಬರೆಯುವುದಿಲ್ಲ, ಎಲ್ಲಿ ತಪ್ಪಿತು ಎಂದು ಬರೆಯುತ್ತೇನೆ. ಪಕ್ಕಕ್ಕೆ ತಪ್ಪಿದರೆ ಕಾಲು ನಿಂತಿಲ್ಲ. ಮುಂದೆ ಬಡಿದರೆ ಮಂಡಿ ಬಗ್ಗಿಲ್ಲ ಅಥವಾ ಸುಸ್ತಾಗಿದೆ. ಹಿಂದೆ ಬಡಿದರೆ ಬಿಟ್ಟುಬಿಡುತ್ತೇನೆ. ಅದು ಒಳ್ಳೆಯ ತಪ್ಪು. ಎಡಕ್ಕೆ ಹೋಗುವಾಗ ಕೆಲಸ ಇನ್ನೂ ಕಷ್ಟ, ಏಕೆಂದರೆ ಎಡಗೈಯಲ್ಲಿರುವ ಚೆಂಡು ಮೈ ದಾಟಿ ಬಲಗಡೆಗೆ ಬರಬೇಕು. ಹಾಗಾಗಿ ಬಲಕ್ಕೆ 10 ಶಾಟ್ ಹಾಕಿಸಿದರೆ ಎಡಕ್ಕೆ 15. ಪ್ರತಿ ಸೆಟ್ ಆದಮೇಲೆ ಎರಡು ಫ್ರೀ ಥ್ರೋ, ಅದೇ ವಿಶ್ರಾಂತಿ. ಎದುರಾಳಿ ಇಲ್ಲದೆ ಹತ್ತರಲ್ಲಿ ಆರು ಬೀಳುವವರೆಗೂ ಡಿಫೆಂಡರ್‌ನನ್ನು ನಿಲ್ಲಿಸುವುದಿಲ್ಲ.

ಸಿಮೆಂಟ್ ಕೋರ್ಟಿನಲ್ಲಿ ಧೂಳಿದ್ದರೆ ಒಂದು-ಎರಡು ಜಾರುತ್ತದೆ. ಒದ್ದೆ ಗೋಣಿಚೀಲ ಒಂದು ಪಕ್ಕದಲ್ಲಿ ಹಾಸಿ, ಸೆಟ್ ಸೆಟ್‌ಗೂ ಶೂ ಒರೆಸಿಕೊಳ್ಳಲಿ. ಚೆಂಡಿನ ಗಾಳಿಯನ್ನೂ ನೋಡಿ: 1.8 ಮೀಟರ್ ಎತ್ತರದಿಂದ ಬಿಟ್ಟರೆ ಚೆಂಡಿನ ಮೇಲ್ಭಾಗ 1.2ರಿಂದ 1.4 ಮೀಟರ್‌ವರೆಗೆ ಏಳಬೇಕು. ಬೆಳಿಗ್ಗೆ ಸರಿಯಿದ್ದ ಚೆಂಡು ಮಧ್ಯಾಹ್ನದ ಬಿಸಿಲಿಗೆ ಉಬ್ಬಿ ಹೆಚ್ಚು ಪುಟಿಯುತ್ತದೆ.

ಕುಳ್ಳ ಆಟಗಾರನ ಶಾಟ್‌ಗೆ ಎತ್ತರ ಸಿಗುವುದಿಲ್ಲ, ಸಿಗುವುದು ಸಮಯ ಮಾತ್ರ. ಇದನ್ನು ಅಳೆಯಲು ಫೋನ್ ಸಾಕು. ಸೆಕೆಂಡಿಗೆ 30 ಫ್ರೇಮ್ ವಿಡಿಯೋ ಮಾಡಿ, ಕೊನೆಯ ಡ್ರಿಬಲ್ ನೆಲ ಮುಟ್ಟಿದ ಫ್ರೇಮಿನಿಂದ ಚೆಂಡು ಬೆರಳು ಬಿಡುವ ಫ್ರೇಮಿನವರೆಗೆ ಎಣಿಸಿ. 30 ಬಂದರೆ ಒಂದು ಸೆಕೆಂಡ್. ದೊಡ್ಡ ಡಿಫೆಂಡರ್‌ಗೆ ಕೈ ಎತ್ತಲು ಧಾರಾಳ ಸಮಯ. ನಾನು ಕೇಳುವುದು 24, ಅಂದರೆ 0.8 ಸೆಕೆಂಡ್. ಅದಕ್ಕಿಂತ ಇಳಿಸಲು ಹೋದರೆ ಮಂಡಿ ಬಗ್ಗುವುದು ನಿಂತುಹೋಗಿ ಶಾಟ್ ಗಿಡ್ಡವಾಗುತ್ತದೆ.

ಕಣ್ಣಿನ ಕೆಲಸ ಇನ್ನು. ಗಾರ್ಡ್ ಸ್ಕ್ರೀನ್‌ಗೆ ಕಾಯಬೇಕು. ಸ್ಕ್ರೀನ್ ಹಾಕುವವನ ಎರಡೂ ಕಾಲು ಊರಿ ನಿಲ್ಲುವ ಮುಂಚೆ ಹೊರಟರೆ ಅಲುಗಾಡುವ ಸ್ಕ್ರೀನ್ ಆಗಿ ಫೌಲ್ ಸ್ಕ್ರೀನರ್ ಮೇಲೆ ಬೀಳುತ್ತದೆ, ಬೈಗುಳ ಮಾತ್ರ ಅವನಿಗೆ, ತಪ್ಪು ಗಾರ್ಡ್‌ನದು. ಒಂದು ಹೆಜ್ಜೆ ಆಚೆ ಹಾಕಿ ಡಿಫೆಂಡರ್‌ನನ್ನು ಎಳೆದು, ಆಮೇಲೆ ತನ್ನ ಭುಜ ಸ್ಕ್ರೀನರ್ ಸೊಂಟಕ್ಕೆ ಉಜ್ಜುವಷ್ಟು ಹತ್ತಿರದಿಂದ ಹೋಗಬೇಕು. ಭುಜ ಮುಟ್ಟುವ ಆ ಕ್ಷಣದಲ್ಲೇ ತೀರ್ಮಾನ.

ಡಿಫೆಂಡರ್ ಸ್ಕ್ರೀನಿನ ಕೆಳಗಿಂದ, ಅಂದರೆ ರಿಂಗಿನ ಕಡೆಯಿಂದ ನುಸುಳಿದರೆ ಅಲ್ಲೇ ನಿಂತು ತ್ರೀ. ಹೆಚ್ಚಿನವರು ಇನ್ನೆರಡು ಡ್ರಿಬಲ್ ಹಾಕಿ ಡಿಫೆಂಡರ್‌ನನ್ನು ತಾವೇ ಮತ್ತೆ ಭೇಟಿ ಮಾಡುತ್ತಾರೆ. ಮೇಲಿಂದ, ಅಂದರೆ ಸ್ಕ್ರೀನಿನ ಹೊರಗಡೆಯಿಂದ ಬೆನ್ನಟ್ಟಿ ಬಂದರೆ ತ್ರೀ ಬೇಡ. ಅವನನ್ನು ಬೆನ್ನ ಮೇಲೇ ಹೊತ್ತುಕೊಂಡು ನಿಧಾನಿಸಿ ಒಳಗೆ ಹೋಗಿ, ಹಿಂದೆ ಸರಿಯುತ್ತಿರುವ ಪೋಸ್ಟ್ ಆಟಗಾರನ (ರಿಂಗಿನ ಹತ್ತಿರ ಆಡುವ ಎತ್ತರದವನ) ಕೈ ಎಟುಕುವ ಮುಂಚೆ ಫ್ಲೋಟರ್, ಅಂದರೆ ಓಡುತ್ತಲೇ ಮೇಲಕ್ಕೆ ತೇಲಿಸುವ ಶಾಟ್, ಇಲ್ಲವೇ ಸ್ಕ್ರೀನ್ ಹಾಕಿ ರಿಂಗಿನತ್ತ ರೋಲ್ ಆಗುವವನಿಗೆ ಬೌನ್ಸ್ ಪಾಸ್. ಇಬ್ಬರೂ ಮೇಲೆ ಬಿದ್ದು ಟ್ರ್ಯಾಪ್ ಮಾಡಿದರೆ ಎರಡು ಡ್ರಿಬಲ್ ಹಿಂದಕ್ಕೆ. ಟ್ರ್ಯಾಪ್ ಇನ್ನೂ ಕೂಡಿಕೊಳ್ಳದಿರುವಾಗಲೇ ಪಾಸ್ ಹೊರಟಿರಬೇಕು. 175 ಸೆಂಟಿಮೀಟರ್‌ನವನು ಇಬ್ಬರು ಉದ್ದನೆಯವರ ತಲೆ ಮೇಲಿಂದ ಪಾಸ್ ಕೊಡಲು ಹೋಗುವುದು ಎದುರಾಳಿಗೆ ಉಡುಗೊರೆ ಕೊಟ್ಟಂತೆ. ಒಂದು ಕಾಲು ಹೊರಗೆ ಚಾಚಿ, ಅವರ ಸೊಂಟದ ಪಕ್ಕದಿಂದ ಒಂದೇ ಕೈಯಲ್ಲಿ ಬೌನ್ಸ್ ಕೊಡಬೇಕು. ಡಿಫೆಂಡರ್‌ಗಳು ಸ್ವಿಚ್ ಮಾಡಿದರೆ, ಅಂದರೆ ಕಾಯುವ ಆಟಗಾರರನ್ನು ಅದಲುಬದಲು ಮಾಡಿಕೊಂಡರೆ, ಅವಸರ ಬೇಡ, ದೊಡ್ಡವನನ್ನು ಗೆರೆಯಿಂದ ಇನ್ನೂ ಒಂದು ಮೀಟರ್ ಹೊರಗೆಳೆಯಿರಿ.

ಅಭ್ಯಾಸದಲ್ಲಿ ಈ ನಾಲ್ಕನ್ನೂ ಡಿಫೆಂಡರ್‌ಗಳಿಗೆ ಬೆನ್ನ ಹಿಂದಿನಿಂದ ಬೆರಳಿನಲ್ಲಿ ತೋರಿಸುತ್ತೇನೆ, ಗಾರ್ಡ್‌ಗೆ ಗೊತ್ತಾಗಬಾರದು. ಮೊದಲು ಎರಡೇ ಉತ್ತರ, ಕೆಳಗಿಂದ ಅಥವಾ ಮೇಲಿಂದ. ಅದು ಸಲೀಸಾದ ಮೇಲೆ ಟ್ರ್ಯಾಪ್, ಕೊನೆಗೆ ಸ್ವಿಚ್. ನಾಲ್ಕನ್ನೂ ಒಂದೇ ದಿನ ಸುರಿದರೆ ಹುಡುಗ ನೋಡುವುದನ್ನೇ ಬಿಟ್ಟು ಊಹಿಸಲು ಕೂರುತ್ತಾನೆ.

ಅಲಪಾಗ್ ಬರೀ ಸ್ಕ್ರೀನ್ ಆಟಗಾರರಲ್ಲ ಎನ್ನುವುದನ್ನೂ ಹೇಳಬೇಕು. ಕೋಚ್ ಚಾಟ್ ರೇಯಸ್ ಟಾಕ್ ಎನ್ ಟೆಕ್ಸ್ಟ್‌ನಲ್ಲೂ ರಾಷ್ಟ್ರೀಯ ತಂಡ ಗಿಲಾಸ್‌ನಲ್ಲೂ ಆಡಿಸಿದ್ದು ಡ್ರಿಬಲ್ ಡ್ರೈವ್: ನಾಲ್ವರು ಗೆರೆಯ ಹೊರಗೆ ಹರಡಿಕೊಂಡು, ನಡುವಿನ ಸಂದಿಯಲ್ಲಿ ಗಾರ್ಡ್ ನುಗ್ಗಿ, ಸಹಾಯಕ್ಕೆ ಡಿಫೆಂಡರ್ ಬಂದೊಡನೆ ಹೊರಗೆ ಪಾಸ್. ಅದರಲ್ಲಿ ಶಾಟ್ ಹಾಕುವವನು ಚೆಂಡು ಬರುವ ಮೊದಲೇ ಮಂಡಿ ಬಗ್ಗಿಸಿ ಕಾಯುತ್ತಿರಬೇಕು. ರಾನಿಡೆಲ್ ಡಿ ಒಕಾಂಪೊ ಅವರಂಥ ತ್ರೀ ಹಾಕುವ ದೊಡ್ಡ ಆಟಗಾರ ಜೊತೆಗಿದ್ದದ್ದೂ ದೊಡ್ಡ ಅನುಕೂಲ. ಸ್ಕ್ರೀನ್ ಹಾಕಿದವನು ರಿಂಗಿಗೆ ಹೋಗದೆ ಹೊರಗೆ ಸರಿದರೆ ಎದುರಾಳಿ ಪೋಸ್ಟ್ ಆಟಗಾರನೂ ಹೊರಗೆ ಬರಲೇಬೇಕು, ಕುಳ್ಳನಿಗೆ ಒಳಗೆ ಜಾಗ ತೆರೆಯುತ್ತದೆ. ನಿಮ್ಮ ತಂಡದಲ್ಲಿ ಅಂಥವನಿಲ್ಲದಿದ್ದರೆ ಮೊದಲು ಅವನನ್ನು ತಯಾರು ಮಾಡಿ. ಗಾರ್ಡ್ ಒಬ್ಬನನ್ನೇ ತಿದ್ದಿ ಪ್ರಯೋಜನ ಕಡಿಮೆ.

ನೋಡಲು ಎರಡು ಪಂದ್ಯ ಹೇಳುತ್ತೇನೆ. 2013ರ ಆಗಸ್ಟ್‌ನಲ್ಲಿ ಮನಿಲಾದಲ್ಲಿ ನಡೆದ ಫಿಬಾ ಏಷ್ಯಾ ಸೆಮಿಫೈನಲ್, ಕೊರಿಯಾ ವಿರುದ್ಧ 86–79. ಸೆಂಟರ್ ಮಾರ್ಕಸ್ ಡೌಥಿಟ್ ಗಾಯಗೊಂಡು ಹೊರಗೆ ಕೂತ ಮೇಲೆ ಗಿಲಾಸ್ ಗೆದ್ದ ಪಂದ್ಯ ಅದು. ಕೊನೆಯ ನಿಮಿಷಗಳಲ್ಲಿ ಅಲಪಾಗ್ ತ್ರೀಗಳು ಬಿದ್ದವು, ಫಿಲಿಪೀನ್ಸ್‌ಗೆ ವಿಶ್ವಕಪ್ ಜಾಗ ಸಿಕ್ಕಿತು. ಎರಡನೆಯದು 2014ರ ವಿಶ್ವಕಪ್‌ನಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 81–85ರಲ್ಲಿ ಸೋತ ಪಂದ್ಯ. ಸೆನೆಗಲ್ ವಿರುದ್ಧ ಓವರ್‌ಟೈಮಿನಲ್ಲಿ 81–79ರಿಂದ ಗೆದ್ದದ್ದನ್ನು ಎಲ್ಲರೂ ನೆನೆಯುತ್ತಾರೆ, 1974ರ ನಂತರ ವಿಶ್ವಕಪ್‌ನಲ್ಲಿ ಅವರ ಮೊದಲ ಗೆಲುವು. ಕಲಿಯುವವನಿಗೆ ಮಾತ್ರ ಅರ್ಜೆಂಟೀನಾ ಪಂದ್ಯವೇ ಹೆಚ್ಚು ಉಪಯೋಗ, ಎದುರಾಳಿ ಅಷ್ಟು ಬಲವಾಗಿತ್ತು.

ಅಮೆರಿಕ, ಕೆನಡಾದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು ಮಕ್ಕಳ ಬಗ್ಗೆ ಕೇಳುವ ಪ್ರಶ್ನೆ ಒಂದಿದೆ: ಅಲಪಾಗ್ ತರಹ ನಮ್ಮ ಹುಡುಗ ಅಲ್ಲಿ ಹುಟ್ಟಿ ಭಾರತಕ್ಕೆ ಆಡಬಹುದೇ? ಭಾರತದ ತಂಡಕ್ಕೆ ಭಾರತೀಯ ಪಾಸ್‌ಪೋರ್ಟ್ ಬೇಕು, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ನಡೆಯುವುದಿಲ್ಲ. ಪಾಸ್‌ಪೋರ್ಟ್ 16 ವರ್ಷ ತುಂಬಿದ ಮೇಲೆ ಸಿಕ್ಕಿದ್ದರೆ ಫಿಬಾ ನಿಯಮದಲ್ಲಿ ಅಂಥವರು ತಂಡಕ್ಕೆ ಒಬ್ಬರೇ. ಫಿಲಿಪೀನ್ಸ್ ಎರಡು ದೇಶದ ಪೌರತ್ವ ಒಪ್ಪುತ್ತದೆ, ನಾವು ಒಪ್ಪುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಆಡುವುದು ನಿಂತ ಮೇಲೆ ಅಲಪಾಗ್ ಸ್ಯಾನ್ ಮಿಗೆಲ್‌ನಲ್ಲಿ ಸಹಾಯಕ ಕೋಚ್ ಆದರು, ಜೊತೆಗೆ ಆಸಿಯಾನ್ ಲೀಗ್‌ನ ಅಲಾಬ್ ಪಿಲಿಪಿನಾಸ್‌ಗೆ ಮುಖ್ಯ ಕೋಚ್. 2017–18ರ ಸೀಸನ್ ನಡುವೆ ವಿದೇಶಿ ಆಟಗಾರರನ್ನು ಬದಲಿಸಿ ರೆನಾಲ್ಡೋ ಬಾಲ್ಕ್‌ಮನ್, ಜಸ್ಟಿನ್ ಬ್ರೌನ್‌ಲೀ ಬಂದರು; ಫೈನಲ್‌ನಲ್ಲಿ ಥಾಯ್ಲೆಂಡಿನ ಮೋನೋ ವ್ಯಾಂಪೈರ್ ತಂಡವನ್ನು 3–2ರಿಂದ ಸೋಲಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ 2021ರಲ್ಲಿ ಎನ್‌ಬಿಎಯ ಕೆಳಹಂತದ ಜಿ ಲೀಗ್‌ನ ಸ್ಟಾಕ್‌ಟನ್ ಕಿಂಗ್ಸ್‌ನಲ್ಲಿ ಮತ್ತೆ ಸಹಾಯಕ. ಚಾಂಪಿಯನ್ ಕೋಚ್ ಕೆಳಗಿನ ಮೆಟ್ಟಿಲಿಗೆ ಇಳಿದು ಶುರುಮಾಡಿದ್ದನ್ನು ನಾನು ತುಂಬ ಮೆಚ್ಚುತ್ತೇನೆ. ಹೀಗೇ ಕೆಳಗಿನಿಂದ ಬಂದ ಇನ್ನೊಬ್ಬರು ಎನ್‌ಬಿಎ ತಂಡ ಮಯಾಮಿ ಹೀಟ್‌ನ ಎರಿಕ್ ಸ್ಪೋಲ್‌ಸ್ಟ್ರಾ, ಅವರ ತಾಯಿಯೂ ಫಿಲಿಪೀನ್ಸ್‌ನವರು, ಜರ್ಮನಿಯ ಹೆರ್ಟನ್‌ನಲ್ಲಿ ಆಡುತ್ತಲೇ ಕೋಚ್ ಮಾಡಿ, 1995ರಲ್ಲಿ ಮಯಾಮಿಯ ವಿಡಿಯೋ ಕೋಣೆಗೆ ಸೇರಿದವರು. ಮುಖ್ಯ ಕೋಚ್ ಆದದ್ದು 2008ರಲ್ಲಿ.

ಹಾಗಾಗಿ ತಂಡದ ಹಿರಿಯ ಗಾರ್ಡ್‌ಗೆ ಕೋಚ್ ಆಗುವ ಮನಸ್ಸಿದ್ದರೆ ನಾನು ಮೊದಲು ವಿಸಿಲ್ ಕೊಡುವುದಿಲ್ಲ, ವಿಡಿಯೋ ಕೊಡುತ್ತೇನೆ. ಫೋನನ್ನು ಅಡ್ಡ ಹಿಡಿದು, ಮಧ್ಯ ಗೆರೆಯ ನೇರಕ್ಕೆ, ಗ್ಯಾಲರಿಯ ಅರ್ಧ ಎತ್ತರದಲ್ಲಿ ಟ್ರೈಪಾಡ್ ಮೇಲೆ ಇಡಬೇಕು. ಕೆಳಗಿಂದ ತೆಗೆದರೆ ಸ್ಕ್ರೀನ್‌ಗಳು ಒಂದರ ಹಿಂದೊಂದು ಮುಚ್ಚಿಹೋಗುತ್ತವೆ. ಒಂದು ಪಂದ್ಯದಿಂದ ಎಂಟು ತುಣುಕು, ಒಂದೊಂದೂ 12 ಸೆಕೆಂಡ್ ಮೀರಬಾರದು. ಭುಜ ಸೊಂಟಕ್ಕೆ ಮುಟ್ಟಿದ ಜಾಗದಲ್ಲಿ ಚಿತ್ರ ನಿಲ್ಲಿಸಿ ಕಿರಿಯರನ್ನು ಕೇಳಬೇಕು: ದೊಡ್ಡವನ ಕಾಲು ಎಲ್ಲಿದೆ? ಉತ್ತರ ಬಂದ ಮೇಲೆ ಮುಂದಕ್ಕೆ. ಜೊತೆಗೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಯಾವ ಕಡೆ ಸ್ಕ್ರೀನ್, ಎದುರಾಳಿ ಮಾಡಿದ್ದೇನು, ಗಾರ್ಡ್ ಮಾಡಿದ್ದೇನು, ಎಷ್ಟು ಪಾಯಿಂಟ್. 14 ಸ್ಕ್ರೀನ್‌ಗೆ 11 ಪಾಯಿಂಟ್ ಬಂದರೆ ಸರಾಸರಿ 0.79, ಒಂದು ದಾಟದಿದ್ದರೆ ಆ ವಾರ ಸ್ಕ್ರೀನ್ ಅಭ್ಯಾಸ ಹೆಚ್ಚಿಸುತ್ತೇವೆ.

ಈ ಹಾಳೆ ತಾನಾಗಿ ತುಂಬತೊಡಗಿದ ಮೇಲೆ ಅವನಿಗೆ ಅಭ್ಯಾಸದ ಮೊದಲ ಹತ್ತು ನಿಮಿಷ ಬಿಟ್ಟುಕೊಡುತ್ತೇನೆ, ಆ ಹೊತ್ತು ಅವನು ಆಡುವಂತಿಲ್ಲ. ಶೂ ಕಟ್ಟಿಕೊಂಡರೆ ಅವನ ಕಣ್ಣು ಮತ್ತೆ ಚೆಂಡಿನ ಮೇಲೇ ಹೋಗುತ್ತದೆ. ಚಪ್ಪಲಿಯಲ್ಲಿ ಬಾ ಅಂತ ಹೇಳಿಬಿಡುತ್ತೇನೆ.