ಹಲಗೆ ತುದಿ ಸೀಳದ ಹಾಗೆ ಒಣಗಿಸ್ಬೇಕಾ, ಕೊಯ್ದ ದಿನವೇ ತುದಿ ಸೀಲ್ ಮಾಡಿ

ಹಸಿ ಮರ ಕೊಯ್ಸಿ ಒಣಗೋಕೆ ಇಡೋರು ಎಲ್ಲಕ್ಕಿಂತ ಮೊದಲು ಹಲಗೆಯ ಎರಡೂ ತುದಿ ಸೀಲ್ ಮಾಡ್ಬೇಕು, ಅಂದ್ರೆ ತೇವ ಹೊರಗೆ ಹೋಗದ ಹಾಗೆ ಮೇಣವೋ ಪೇಂಟೋ ಬಳಿದು ಮುಚ್ಬೇಕು, ಅದೂ ಅವತ್ತೇ. ನಾಳೆ ನೋಡೋಣ ಅಂತ ಬಿಟ್ರೆ ಬಿಸಿಲು ಗಾಳಿ ಜೋರಿರೋ ದಿನ ಕೆಲವೇ ಗಂಟೇಲಿ ಸಣ್ಣ ಬಿರುಕು ಶುರುವಾಗ್ಬಿಡುತ್ತೆ, ಆಗ ಕಣ್ಣಿಗೆ ಕಾಣಲ್ಲ, ಆಮೇಲೆ ಅದೇ ಬೆಳೆದು ಹಲಗೆ ಒಳಗೆ ಹೋಗುತ್ತೆ.

ಮರದಲ್ಲಿ ನೀರು ಸಾಗೋ ಕೊಳವೆಗಳೆಲ್ಲ ಉದ್ದಕ್ಕೆ ಇರ್ತವೆ, ಅಡ್ಡ ಕತ್ತರಿಸಿದಾಗ ಅವುಗಳ ಬಾಯಿ ತುದೀಲಿ ತೆರ್ಕೊಳ್ಳುತ್ತೆ. ಹಾಗಾಗಿ ಹಲಗೆ ಮೈಗಿಂತ ತುದಿಯಿಂದ ತೇವ 10 ಪಟ್ಟಿಗೂ ಹೆಚ್ಚು ಜೋರಾಗಿ ಹೋಗುತ್ತೆ. ತೇವಾಂಶ ಸುಮಾರು 30%ಗಿಂತ ಕೆಳಗಿಳಿದ ಮೇಲೇ ಮರ ಕುಗ್ಗೋದು, ತುದಿ ಆ ಮಟ್ಟ ದಾಟಿ ಕುಗ್ಗೋಕೆ ನೋಡ್ತಾ ಇರುತ್ತೆ, ಒಳಗಿನ ಮರ ಇನ್ನೂ ಹಸಿಯಾಗೇ ಇರೋದ್ರಿಂದ ಅದನ್ನ ಕುಗ್ಗೋಕೆ ಬಿಡಲ್ಲ, ಈ ಎಳೆದಾಟಕ್ಕೆ ತುದಿ ಸೀಳುತ್ತೆ. ಸೀಲ್ ಮಾಡಿದ್ರೆ ಮರ ಒಣಗಲ್ವಲ್ಲ ಅಂತ ತುಂಬಾ ಜನ ಹೆದರ್ತಾರೆ, ಹಾಗಲ್ಲ, ತೇವ ಮೈಯಿಂದ ಹೋಗುತ್ತೆ, ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಒಣಗುತ್ತೆ. ನಮಗೆ ಬೇಕಿರೋದೂ ಅದೇ.

ಬಳಿಯೋಕೆ ಎಲ್ಲಕ್ಕಿಂತ ಒಳ್ಳೇದು ಇದಕ್ಕೇ ಅಂತ ಬರೋ ಮೇಣದ ಎಮಲ್ಷನ್ (ನೀರಲ್ಲಿ ಮೇಣ ಬೆರೆಸಿರೋ ದ್ರವ), ಹಸಿ ಮರಕ್ಕೂ ಹಿಡಿಯುತ್ತೆ. ಸಣ್ಣ ತುಂಡಾದ್ರೆ ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಬಹುದು, ಆದ್ರೆ ಮೇಣ ನೇರ ಬೆಂಕಿ ಮೇಲೆ ಇಡ್ಬೇಡಿ, ಬಿಸಿ ನೀರಿನ ಪಾತ್ರೆ ಒಳಗಿಟ್ಟು ಕರಗಿಸಿ. ಎರಡೂ ಸಿಗ್ಲಿಲ್ವಾ, ಆಯಿಲ್ ಪೇಂಟ್ ಎರಡು ಮೂರು ಕೋಟ್ ದಪ್ಪಗೆ ಹೊಡೀರಿ. ಗೋಡೆಗೆ ಹೊಡೆಯೋ ನೀರಿನ ಪೇಂಟ್ ತೇವ ಅಷ್ಟಾಗಿ ತಡೆಯಲ್ಲ, ಆದ್ರೂ ಏನೂ ಬಳಿಯದೆ ಬಿಡೋದಕ್ಕಿಂತ ವಾಸಿ. ನನ್ ಪ್ರಕಾರ ಯಾವುದು ಬಳಿದ್ರಿ ಅನ್ನೋದಕ್ಕಿಂತ ಎಷ್ಟು ಬೇಗ, ಎಷ್ಟು ದಪ್ಪ ಬಳಿದ್ರಿ ಅನ್ನೋದೇ ಮುಖ್ಯ. ಮರದ ಎಳೆ ಕಾಣ್ತಾ ಇದ್ರೆ ಇನ್ನೊಂದು ಕೋಟ್ ಬೇಕು ಅಂತ ಅರ್ಥ. ತುದಿಯ ಅಂಚು ದಾಟಿ ಅರ್ಧ ಇಂಚು ಮೈಮೇಲೂ ಬರ್ಲಿ, ಆದ್ರೆ ಪೂರ್ತಿ ಮೈಗೆ ಬಳೀಬೇಡಿ. ದೊಡ್ಡ ಗಂಟು, ಕೊಂಬೆ ಕವಲಿರೋ ಜಾಗಕ್ಕೂ ಒಂದು ಕೈ ಬಳೀರಿ, ಅಲ್ಲೂ ಎಳೆಗಳ ಬಾಯಿ ಮೇಲಕ್ಕೆ ತೆರೆದಿರುತ್ತೆ.

ದಿಮ್ಮಿ ಕೊಯ್ಸೋದು ತಡ ಆಗೋ ಹಾಗಿದ್ರೆ ದಿಮ್ಮೀನೇ ಸೀಲ್ ಮಾಡಿಡಿ. ಆಗ್ಲೇ ಬಿರುಕು ಬಿಟ್ಟಿದ್ರೆ ಅದರ ಮೇಲೆ ಬಳಿದು ಪ್ರಯೋಜನ ಇಲ್ಲ, ಬಿರುಕು ಹೋಗೋವರೆಗೂ ತುದಿ ಕತ್ತರಿಸಿ, ಹೊಸ ತುದಿಗೆ ತಕ್ಷಣ ಬಳೀರಿ. ದಪ್ಪ ಹಲಗೆ, ಗಟ್ಟಿ ಜಾತಿ ಮರ ಆದ್ರೆ ಇದನ್ನ ತಪ್ಪಿಸಲೇ ಬೇಡಿ.

ಸೀಲ್ ಮಾಡಿದ ಮಾತ್ರಕ್ಕೆ ಹಲಗೆ ಸೊಟ್ಟ ಆಗಲ್ಲ, ಮೈ ಬಿರಿಯಲ್ಲ ಅಂತೇನಿಲ್ಲ, ಅದಕ್ಕೆ ಜೋಡಿಸೋ ರೀತಿ ಸರಿ ಇರ್ಬೇಕು. ನೆರಳಲ್ಲಿ, ಹಲಗೆಗಳ ಮಧ್ಯೆ ಒಂದೇ ದಪ್ಪದ ಒಣ ಮರದ ಪಟ್ಟಿ ಒಂದೂವರೆ ಎರಡಡಿಗೆ ಒಂದರಂತೆ ಕೊಟ್ಟು ಪೇರಿಸಿ, ಕೊನೇ ಪಟ್ಟಿ ಹಲಗೆ ತುದಿಗೆ ಸರಿಯಾಗಿ ಬರ್ಲಿ.

ಎಷ್ಟು ಒಣಗಿದೆ ಅಂತ ತೂಕ ಮಾಡಿ ನೋಡೋಕೆ ಸ್ಯಾಂಪಲ್ ತುಂಡು ಇಟ್ಕೊಳ್ಳೋರು ಅದರ ಎರಡೂ ತುದಿಗೂ ಬಳೀಲೇಬೇಕು, ಇಲ್ಲಾಂದ್ರೆ ಆ ತುಂಡು ಬೇಗ ಒಣಗಿ ಇಡೀ ರಾಶಿಯೇ ಒಣಗಿದೆ ಅಂತ ತಪ್ಪು ಲೆಕ್ಕ ಕೊಡುತ್ತೆ. ತೇವಾಂಶ ಅಳೆಯೋ ಮೀಟರ್ ಇದ್ರೆ ತುದಿ ಹತ್ರ ಚುಚ್ಬೇಡಿ, ಒಂದೆರಡು ಅಡಿ ಒಳಗೆ ನೋಡಿ. ಕೆಲಸಕ್ಕೆ ತಗೊಳ್ಳುವಾಗ ಮೇಣ ಮೆತ್ತಿರೋ ತುದಿ ಕತ್ತರಿಸಿ ಬಿಡಿ, ಅದರ ಮೇಲೆ ಅಂಟೂ ಹಿಡಿಯಲ್ಲ, ಪಾಲಿಶೂ ಕೂರಲ್ಲ.